ಹಳೆಯ ಕಂಪ್ಯೂಟರಿನ ದನಿ

"ಗುರುಗಳೇ, ಬಿಟ್ಟುಬಂದದ್ದು ಮತ್ತೆ ಮತ್ತೆ ನೆನಪಾದರೆ, ಬಿಟ್ಟದ್ದೇ ತಪ್ಪು ಅಂತಲ್ಲವೇ?" ಎಂದು ಸಿದ್ಧವೀರ ಕೇಳಿದ.

ಮಠದ ಪುಸ್ತಕ ಭಂಡಾರದ ಕಂಪ್ಯೂಟರಿನಿಂದ ಕಂಪನಿಯೊಂದರ ಆಪರೇಟಿಂಗ್ ವ್ಯವಸ್ಥೆಯನ್ನು ತೆಗೆದು, ಎಲ್ಲರಿಗೂ ತೆರೆದಿಟ್ಟ ಮುಕ್ತ ವ್ಯವಸ್ಥೆಯನ್ನು ಹಾಕಿದವನು ಅವನೇ. ಮೂರು ತಿಂಗಳಾಗಿತ್ತು. ಕೆಲಸವೆಲ್ಲ ಸರಾಗ. ಆದರೂ, ತೀರಿಹೋದ ಅಡವಯ್ಯನವರು ಪಕ್ಕದಲ್ಲಿ ಕೂತು ಟೈಪು ಕಲಿಸಿದ್ದ ಆ ಹಳೆಯದಕ್ಕೇ ಮರಳಬೇಕೆಂದು ಅವನ ಮನಸ್ಸು ಹಟ ಹಿಡಿದಿತ್ತು. ಗುರುಗಳು ನಕ್ಕು, ಕೂತುಕೋ ಎಂದು ಕತೆ ತೆಗೆದರು.

ಒಂದು ಪೇಟೆಯಲ್ಲಿ ಲಗ್ನಪತ್ರಿಕೆ ಟೈಪು ಮಾಡುವವನೊಬ್ಬನಿದ್ದ. ಬೆಳಿಗ್ಗೆ ಅವನ ಕಂಪ್ಯೂಟರು ಟಿಣ್ ಎಂದು ಏಳುವುದೇ ತಡ, ಹೆಂಡತಿ ಅಡುಗೆಮನೆಯಿಂದ, "ಎದ್ದರಪ್ಪ ನಿಮ್ಮ ರಾಯರು," ಎನ್ನುವಳು. ಬಿಡುವಾದಾಗ ತನ್ನ ಸೋಬಾನೆ ಹಾಡುಗಳನ್ನು ಹೇಳಿ ಅವನಿಂದ ಟೈಪು ಮಾಡಿಸುವಳು. ಒಂದು ವರ್ಷ ಆಕೆ ತೀರಿಕೊಂಡಳು.

ಮುಂದೆ ಆ ಕಂಪ್ಯೂಟರಿನ ಕಂಪನಿಯವರು, ಈ ವ್ಯವಸ್ಥೆಯನ್ನು ಇನ್ನು ನಾವು ನೋಡಿಕೊಳ್ಳುವುದಿಲ್ಲ, ಯಂತ್ರ ಸಮೇತ ಹೊಸದು ಕೊಳ್ಳಿ ಎಂದು ಕೈತೊಳೆದುಕೊಂಡರು. ಕಂಪ್ಯೂಟರು ಏಳುತ್ತಿತ್ತು, ಹಾಡು ಮಾತ್ರ ತೆರೆಯುತ್ತಿರಲಿಲ್ಲ. ಟೈಪಿನ ತಂತ್ರಾಂಶ ಬಳಸಲು ಕಂಪನಿ ಕೊಟ್ಟಿದ್ದ ಅನುಮತಿಯ ಅವಧಿ ಮುಗಿದಿತ್ತು. ನೆರೆಯ ಮೇಷ್ಟ್ರೊಬ್ಬರು ಬೇರೊಂದು ಯಂತ್ರಕ್ಕೆ ಮುಕ್ತ ವ್ಯವಸ್ಥೆ ಹಾಕಿಕೊಟ್ಟರು. ಹಾಡುಗಳನ್ನು ಅದರಲ್ಲಿ ತೆರೆದರೆ, ಏನಿದೆ? ಬರೀ ಗೀಚು. ಒಂದಕ್ಷರ ಕನ್ನಡವಿಲ್ಲ.

"ಮೇಷ್ಟ್ರೇ, ನಿಮ್ಮ ಹೊಸದು ಅವಳ ಹಾಡನ್ನೆಲ್ಲ ನುಂಗಿ ನೀರು ಕುಡಿಯಿತು," ಎಂದ.

"ನುಂಗಿಲ್ಲ. ಕಂಪನಿಯವರ ತಂತ್ರಾಂಶದಲ್ಲಿ ಬರೆದ ಅಕ್ಷರ ಅವರ ತಂತ್ರಾಂಶಕ್ಕೆ ಮಾತ್ರ ಓದಲು ಬರುತ್ತದೆ. ಹಾಡು ನಿಮ್ಮದಾದರೂ ಬೀಗ ಅವರದು," ಎಂದರು ಮೇಷ್ಟ್ರು.

ಹೆಸರೂ ತಿಳಿಯದ ಯಾರೋ ಒಬ್ಬರು ಆ ಅಕ್ಷರಗಳನ್ನು ಎಲ್ಲೆಡೆ ಓದಲು ಬರುವಂತೆ ಬದಲಿಸುವ ತಂತ್ರಾಂಶ ಬರೆದು, ಬೇಕಾದವರು ಬಳಸಲಿ ಎಂದು ಅಂತರ್ಜಾಲದಲ್ಲಿ ಇಟ್ಟಿದ್ದರು. ಮೇಷ್ಟ್ರು ಅದನ್ನು ತಂದು ಹಾಕಿದರು; ಹಾಡು ಮರಳಿತು, ಅರ್ಕಾವತ್ತುಗಳು ಮಾತ್ರ ಎಲ್ಲೆಲ್ಲೋ ಬಿದ್ದಿದ್ದವು. ಅವನು ತಪ್ಪನ್ನು ಬರೆದು ಕಳಿಸಿದ, ಅವರು ತಿದ್ದಿದರು. ಆಮೇಲೆ ಯಾರ ಹಾಡಿನಲ್ಲೂ ಆ ತಪ್ಪು ಬರಲಿಲ್ಲ.

ಇಷ್ಟಾದರೂ ಅವನಿಗೆ ಸಮಾಧಾನವಿಲ್ಲ. ಹೊಸದು ಸದ್ದಿಲ್ಲದೆ ಏಳುತ್ತಿತ್ತು. ಒಂದು ಬೆಳಿಗ್ಗೆ ತಡೆಯಲಾರದೆ ಅಟ್ಟದಿಂದ ಹಳೆಯದನ್ನು ಇಳಿಸಿ, ಧೂಳು ಒರೆಸಿ, ಗುಂಡಿ ಒತ್ತಿದ. ಟಿಣ್ ಎಂದಿತು. ಅವನು ಅಡುಗೆಮನೆಯ ಕಡೆ ತಿರುಗಿ ಕಾದ. ಬಹಳ ಹೊತ್ತು ಕಾದ. ಆಮೇಲೆ ಅದನ್ನು ಆರಿಸಿ, ಹೊಸದರ ಮುಂದೆ ಕೂತು, ಅವಳ ಮೊದಲ ಹಾಡನ್ನು ಗಟ್ಟಿಯಾಗಿ ಓದಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹಾಗಾದರೆ ನಾನು ಹಳೆಯದನ್ನು ಮತ್ತೆ ಹಾಕಲೇಬಾರದೇ ಎಂದು ಸಿದ್ಧವೀರ ಕೇಳಿದ.

"ಹಾಕು, ಮಗು. ಹಾಕಿದ ಮೇಲೆ ಅಡವಯ್ಯ ಬಂದು ಪಕ್ಕದಲ್ಲಿ ಕೂತರೆ, ನನ್ನನ್ನೂ ಕರೆ."