ಕೋಡಿ ಮುಚ್ಚಿದ ರೈತ

ಪಾಲಯ್ಯ ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ಮರುದಿನ. ಎತ್ತುಗಳ ಕೊಂಬಿಗೆ ಬಳಿದ ಬಣ್ಣ ಇನ್ನೂ ಮಾಸಿರಲಿಲ್ಲ. ಆರನೇ ತರಗತಿಯ ಪುಸ್ತಕದ ಚೀಲವನ್ನು ಶಾಲೆಯ ಜಗಲಿಯ ಮೇಲಿಟ್ಟು, ಊರಿಗೆ ಬಂದಿದ್ದ ಬೋರ್‌ವೆಲ್ ಲಾರಿ ಹತ್ತಿಬಿಟ್ಟಿದ್ದ. ಅಂದಿನಿಂದ ಕಬ್ಬಿಣದ ಕೊಳವೆ ಎತ್ತುವುದೇ ಅವನ ಕೆಲಸ, ಲಾರಿ ನಿಂತ ಕಡೆಯೇ ಅವನ ಊರು. ಮೂವತ್ತು ವರ್ಷದ ಮೇಲೆ ಒಂದು ಬೆಳಗ್ಗೆ ಅವನು ಗುಡ್ಡದ ಮಠಕ್ಕೆ ಹತ್ತಿ ಬಂದು, ಗುರುಗಳ ಮುಂದೆ ಕೂತು ಕೇಳಿದ:

“ಬುದ್ಧಿ, ಸೂಜಿ ಬಿಟ್ಟುಬಿಡ್ಲೋ, ಹಾಕಿಸ್ಕೊಳ್ತಾನೇ ಇರ್ಲೋ?”

“ಯಾವ ಸೂಜಿಯಪ್ಪ?”

ಪಾಲಯ್ಯ ಹೇಳಿದ. ಎರಡು ವರ್ಷದ ಹಿಂದೆ ಅವನ ತೋಳಿನ ಕಸುವು ಇಳಿದಿತ್ತು. ಪೇಟೆಯ ಡಾಕ್ಟರಮ್ಮ ಎರಡು ಸಲ ರಕ್ತ ನೋಡಿ, ಗಂಡಸಿನ ಹಾರ್ಮೋನು ತೀರ ಕಡಿಮೆಯಾಗಿದೆ ಎಂದು ಅಳತೆಯಷ್ಟು ಸೂಜಿ ಬರೆದುಕೊಟ್ಟರು. ಮೂರು ತಿಂಗಳಿಗೆ ಬಂದು ಮತ್ತೆ ರಕ್ತ ತೋರಿಸು ಎಂದೂ ಹೇಳಿದರು. ಕಸುವು ಮರಳಿತು. ನಿದ್ದೆ ಬಂತು, ನಗು ಬಂತು. ಅಷ್ಟರಲ್ಲಿ ಲಾರಿ ಬೇರೆ ಜಿಲ್ಲೆಗೆ ಹೊರಟಿತು, ಅವನೂ ಹೊರಟ. ಒಂದು ಸೂಜಿಗೆ ಇಷ್ಟು ಬಲ ಬಂದರೆ ಎರಡಕ್ಕೆ ಇನ್ನೆಷ್ಟು ಬಂದೀತು ಎಂದುಕೊಂಡು ತಾನೇ ಎರಡು ಮಾಡಿಕೊಂಡ. ಎದೆ ಊದಿತು. ಅಂಗಿ ತಾಗಿದರೂ ನೋವು. ಹೆಚ್ಚಾದದ್ದು ಮೈಯೊಳಗೆ ಹೆಂಗಸಿನ ಹಾರ್ಮೋನಾಗಿ ತಿರುಗುತ್ತದೆ ಎಂದು ಜಿಮ್ಮಿನವನೊಬ್ಬ ಹೇಳಿ, ಅದನ್ನು ತಡೆಯುವ ಮಾತ್ರೆ ಕೊಟ್ಟ. ಅದನ್ನೂ ದಿನಾ ನುಂಗಿದ. ಊತ ನಿಂತಿತು, ಆದರೆ ಮಂಡಿ ಮಣಿಕಟ್ಟುಗಳು ಹಿಡಿದುಕೊಂಡವು.

“ಲಾರಿಯವರು ‘ಏನ್ ಪಾಲಣ್ಣ, ತೊಟ್ಟಿಲು ತರ್ಬೇಕಾ?’ ಅಂತ ಆಡ್ಕೊಳ್ತಾರೆ ಬುದ್ಧಿ. ಸೋಮವಾರ ಲಾರಿ ಹೊರಡುತ್ತೆ. ಕೊಳವೆ ಎತ್ತಲಾರದವನನ್ನ ಹತ್ತಿಸ್ಕೊಳ್ಳಲ್ಲ. ಎಲ್ಲಾ ಬಿಟ್ರೆ ತೋಳು ಹೋಗುತ್ತೆ, ಹಿಡ್ಕೊಂಡ್ರೆ ಮೈ ಹೋಗುತ್ತೆ. ಒಂದು ಮಾತು ಹೇಳಿ, ಹಾಗೇ ನಡೀತೀನಿ.”

ಗುರುಗಳು ಆ ಒಂದು ಮಾತು ಹೇಳಲಿಲ್ಲ. ಕತೆ ಹೇಳಿದರು.

ಒಬ್ಬ ರೈತನಿಗೆ ಒಂದು ಸಣ್ಣ ಕೆರೆಯಿತ್ತು. ಹಳ್ಳದ ನೀರು ಬಂದು ಕೆರೆ ತುಂಬುತ್ತಿತ್ತು, ಕೆರೆಯ ನೀರಿಗೆ ಗದ್ದೆ ಬೆಳೆಯುತ್ತಿತ್ತು. ಹೆಚ್ಚಾದ ನೀರು ಕೋಡಿಯ ಮೇಲೆ ತೆಳ್ಳಗೆ ಹರಿದು ಆಚೆ ಹೋಗುತ್ತಿತ್ತು. ವರ್ಷ ಕಳೆದಂತೆ ಹಳ್ಳ ಸೊರಗಿತು. ಭತ್ತ ಹಳದಿಗೆ ತಿರುಗಿತು. ರೈತ ಊರಿನ ಕೆರೆಗಳ ನೀರು ನೋಡಿಕೊಳ್ಳುವ ನೀರಗಂಟಿಯನ್ನು ಕರೆಸಿದ. ಕೆರೆಯ ನಡುವೆ ಗೀಟು ಕೊರೆದ ಒಂದು ಅಳತೆಯ ಕಲ್ಲಿತ್ತು. ಆ ಕಲ್ಲು ನೋಡದೆ ನೀರಗಂಟಿ ಎಂದೂ ನೀರು ಬಿಟ್ಟವನಲ್ಲ. ಅವನು ಕಲ್ಲು ನೋಡಿ ಹೇಳಿದ: “ನೀರು ಮೂರು ಗೀಟು ಕೆಳಗಿದೆ. ಹೊಳೆಯಿಂದ ಒಂದು ಕಾಲುವೆ ತೆಗಿ. ನೀರು ಈ ಗೀಟಿಗೆ ಬಂದಾಗ ಕಾಲುವೆಯ ಬಾಯಿಗೆ ಹಲಗೆ ಇಳಿಸಿ ತಡೆ. ತಿಂಗಳಿಗೊಮ್ಮೆ ನನ್ನನ್ನು ಕರೆ.”

ರೈತ ಹಾಗೇ ಮಾಡಿದ. ಭತ್ತ ಹಸಿರಾಯಿತು. ಆ ಹಸಿರು ಸುಳ್ಳಲ್ಲ, ಪಾಲಯ್ಯ, ಅದನ್ನು ಮರೆಯಬೇಡ.

ಆಮೇಲೆ ಅವನು ಕಲ್ಲನ್ನು ಬಿಟ್ಟು ಹಸಿರನ್ನೇ ನೋಡತೊಡಗಿದ. ಹಲಗೆಯನ್ನು ಪೂರ್ತಿ ಎತ್ತಿದ. ನೀರಗಂಟಿಯನ್ನು ಕರೆಯಲಿಲ್ಲ. ಕೆರೆ ಹಿಡಿಯುವಷ್ಟು ಹಿಡಿಯಿತು, ಉಳಿದದ್ದೆಲ್ಲ ಕೋಡಿ ಹಾರಿತು. ಕೋಡಿಯ ಕೆಳಗೆ ಅವನ ಕಣವಿತ್ತು. ಕಣ ಕೆಸರಾಯಿತು, ಜೊಂಡು ಎದ್ದಿತು. ದಾರಿಹೋಕರು ನಿಂತು, “ಏನಪ್ಪಾ, ಈ ವರ್ಷ ಕಣದಲ್ಲಿ ಮೀನು ಒಕ್ಕುತ್ತೀಯಾ?” ಎಂದರು. ರೈತನಿಗೆ ನಾಚಿಕೆಯಾಯಿತು. ಆದರೆ ಹಲಗೆ ಇಳಿಸಲು ಮನಸ್ಸು ಬರಲಿಲ್ಲ. ಕಲ್ಲು ಮಣ್ಣು ಹೇರಿ ಕೋಡಿಯನ್ನೇ ಮುಚ್ಚಿದ.

ಜೊಂಡು ಒಣಗಿತು. ಅವನು ಗೆದ್ದೆ ಎಂದುಕೊಂಡ. ತಿಂಗಳೊಳಗೆ ಕಣದ ಪಕ್ಕದ ಸಿಹಿನೀರ ಬಾವಿಯೂ ಒಣಗಿತು. ಕೋಡಿಯಿಂದ ಹೋಗುತ್ತಿದ್ದ ಅಷ್ಟೇ ಅಷ್ಟು ನೀರಿನಿಂದಲೇ ಆ ಬಾವಿ ಬದುಕಿತ್ತು, ಅದು ಅವನಿಗೆ ಗೊತ್ತಿರಲಿಲ್ಲ. ಇತ್ತ ಕೆರೆಯ ಏರಿ ಜಿನುಗತೊಡಗಿತು. ಹೆದರಿ ಕಾಲುವೆಯನ್ನು ಒಂದೇ ಏಟಿಗೆ ಮುಚ್ಚಿಬಿಡೋಣವೆಂದು ಹೊರಟ. ಹೋಗುವಾಗ ಹಳ್ಳದ ಕಡೆ ನೋಡಿದ. ಕಾಲುವೆ ಬಂದ ಮೇಲೆ ಹಳ್ಳವನ್ನು ಕೇಳಿದವರಿಲ್ಲ, ಅದರ ಬಾಯಿ ಮರಳು ಮುಳ್ಳಿನಿಂದ ಕಟ್ಟಿಹೋಗಿತ್ತು. ಈಗ ಕಾಲುವೆ ನಿಲ್ಲಿಸಿದರೆ, ಕೆರೆ ಇಳಿದ ಮೇಲೆ ಹೊಡೆ ಬಿಚ್ಚಿ ತೆನೆ ಬಿಡುವ ಬೆಳೆಗೆ ಒಂದು ತೊಟ್ಟೂ ಇಲ್ಲ. ರೈತ ಏರಿಯ ಮೇಲೆ ಕುಸಿದು ಕೂತ.

ಕೊನೆಗೆ ಅವನು ಹೇಳಿಕಳಿಸಿ, ನೀರಗಂಟಿ ಬಂದ. ಬೈಯಲಿಲ್ಲ. ಸೊಂಟದ ಮಟ್ಟ ನೀರಿಗಿಳಿದು, ಕಲ್ಲಿನ ಮೇಲೆ ಕಟ್ಟಿದ್ದ ಪಾಚಿಯನ್ನು ಅಂಗೈಯಿಂದ ಉಜ್ಜಿ ಗೀಟು ನೋಡಿದ. ಕೋಡಿಯಿಂದ ಒಂದು ಸಾಲು ಕಲ್ಲು ತೆಗೆಸಿದ. ಹಲಗೆಯನ್ನು ನಾಲ್ಕು ಬೆರಳು ಇಳಿಸಿದ. ಹಳ್ಳ ಬಿಡಿಸಲು ಆಳು ಕಳಿಸಿದ. ಎಂಟು ದಿನ ಬಿಟ್ಟು ಬಂದು ಮತ್ತೆ ಕಲ್ಲು ನೋಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಹಳ್ಳದಲ್ಲಿ ಮತ್ತೆ ನೀರು ಬಂತಾ ಬುದ್ಧಿ?” ಎಂದ ಪಾಲಯ್ಯ.

“ಒಂದಿಷ್ಟು ಬಂತು. ಕೊರತೆಗೆ ಸಣ್ಣ ಕಾಲುವೆ ಬೇಕೇ ಆಯಿತು. ಬೇಕಾದವನು ಅಳತೆಯಲ್ಲಿ ತೆಗೆದುಕೊಂಡರೆ ಅದರಲ್ಲಿ ನಾಚಿಕೆ ಏನಿದೆ?”

ಪಾಲಯ್ಯ ತನ್ನ ನೋಯುವ ಮಣಿಕಟ್ಟನ್ನು ನೋಡಿಕೊಂಡ. ಹೆಗಲ ಚೀಲದಿಂದ ಸೂಜಿಯ ಡಬ್ಬಿ, ಮಾತ್ರೆಯ ಹಾಳೆ ಎರಡನ್ನೂ ತೆಗೆದು ಗುರುಗಳ ಮುಂದಿಟ್ಟ.

“ಹಾಗಾದ್ರೆ ನನ್ನ ಅಳತೆ ಎಷ್ಟು ಅಂತ ನೀವೇ ಹೇಳಿಬಿಡಿ ಬುದ್ಧಿ. ಅರ್ಧ ಅಂದ್ರೆ ಅರ್ಧ, ಕಾಲು ಅಂದ್ರೆ ಕಾಲು. ನಿಮ್ಮ ಮಾತು ಮೀರಿದ್ರೆ ಕೇಳಿ.”

ಗುರುಗಳು ಡಬ್ಬಿಯನ್ನು ಮುಟ್ಟಲಿಲ್ಲ.

“ಊರೂರು ಬಿಟ್ಟು ನಡೆದೆ, ಇರಲಿ, ನಿನ್ನ ಅಳತೆಯ ಕಲ್ಲು ನೋಡುವ ಆ ಡಾಕ್ಟರಮ್ಮನನ್ನೂ ಬಿಟ್ಟು ಯಾಕಪ್ಪ ನಡೆದೆ?”

ಪಾಲಯ್ಯ ಡಬ್ಬಿಯನ್ನೂ ಮಾತ್ರೆಯನ್ನೂ ಅವರಿಗೆ ತೋರಿಸಲಿಕ್ಕೆಂದು ಮತ್ತೆ ಚೀಲಕ್ಕೆ ಹಾಕಿದ. ತಳದಲ್ಲಿ ಮಡಿಚಿಟ್ಟಿದ್ದ ಡಾಕ್ಟರಮ್ಮನ ಹಳೆಯ ಚೀಟಿಯನ್ನು ಹುಡುಕಿ ಎಲ್ಲಕ್ಕಿಂತ ಮೇಲಿಟ್ಟ. ಚೀಲದ ಬಾಯಿ ಬಿಗಿದು ಕಟ್ಟಿದ. ಗುಡ್ಡದ ಕೆಳಗೆ ಎರಡು ದಾರಿ ಕಾಣುತ್ತಿದ್ದವು, ಒಂದು ಲಾರಿಯ ಕಡೆಗೆ, ಒಂದು ಪೇಟೆಯ ಕಡೆಗೆ. ಅವನು ಪೇಟೆಯ ದಾರಿಗೆ ಮುಖ ಮಾಡಿ ಕೂತು, ಚಪ್ಪಲಿ ಮೆಟ್ಟತೊಡಗಿದ.