ಎಲ್ಲ ಹೊತ್ತೂ ಗಟ್ಟಿಮೇಳ

ಒಂದೂರಿನಲ್ಲಿ ತಿರುಮಲಯ್ಯ ಎಂಬ ಡೋಲು ಬಾರಿಸುವವನಿದ್ದ. ಅವನ ತಮ್ಮ ಪಾಪಣ್ಣ ನಾದಸ್ವರ ನುಡಿಸುತ್ತಿದ್ದ. ಸುತ್ತಮುತ್ತಲ ಮದುವೆಗಳಿಗೆಲ್ಲ ಇವರದೇ ವಾಲಗ.

ಮದುವೆಯ ವಾಲಗಕ್ಕೆ ಒಂದು ಕ್ರಮವಿದೆ. ಮೊದಲೆಲ್ಲ ಡೋಲು ಮೆಲ್ಲಗೆ ನುಡಿಯುತ್ತದೆ. ತಾಳಿ ಕಟ್ಟುವ ಗಳಿಗೆಗೆ ಪುರೋಹಿತರು "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗುತ್ತಾರೆ. ಆಗ ಡೋಲು ಜೋರಾಗಿ ಮೊಳಗಬೇಕು. ಅದನ್ನು ಕೇಳಿ ಹಿಂದೆ ಕೂತವರೂ ಮಾತು ನಿಲ್ಲಿಸಿ ಅಕ್ಷತೆ ಹಾಕುತ್ತಾರೆ. ಅಂದರೆ ಅದು ಬರೀ ಸದ್ದಲ್ಲ, ಒಂದು ಕರೆ.

ವಯಸ್ಸಾದಂತೆ ತಿರುಮಲಯ್ಯನ ಕಿವಿ ಮಂದವಾಯಿತು. ಒಂದು ಮದುವೆಯಲ್ಲಿ ಪುರೋಹಿತರ ಕೂಗು ಕೇಳಿಸದೆ ಅವನ ಕೈ ತಡವಾಯಿತು. ಯಾರೂ ಏನೂ ಅನ್ನಲಿಲ್ಲ. ಆದರೂ ಅವನಿಗೆ ನಾಚಿಕೆಯಾಯಿತು. ಕಿವುಡನೆಂದು ಗೊತ್ತಾದರೆ ನನ್ನನ್ನು ಯಾರು ಕರೆದಾರು ಎಂಬ ಭಯ ಹಿಡಿಯಿತು. ತಮ್ಮನಿಗೂ ಹೇಳಲಿಲ್ಲ.

ಮುಂದಿನ ಮದುವೆ ಪುಟ್ಟತಾಯಮ್ಮನ ಮೊಮ್ಮಗಳದು. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದ್ದೇ ಅಜ್ಜಿ. ಅಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಬೆಳಿಗ್ಗೆಯೇ ಬಂದು ತಿರುಮಲಯ್ಯನ ಕೈ ಹಿಡಿದುಕೊಂಡಳು.

"ತಾಳಿ ಕಟ್ಟೋದು ನಂಗೆ ಕಾಣಲ್ಲ ಕಣಪ್ಪ. ನಿನ್ನ ಡೋಲು ಕೇಳಿದ ತಕ್ಷಣ ಅಕ್ಷತೆ ಹಾಕ್ತೀನಿ. ಕೈ ಬಿಡಬೇಡ."

"ಬಿಡ್ತೀನಾ ತಾಯಿ? ಕಲ್ಲಿಗೂ ಕೇಳಿಸೋ ಹಂಗೆ ಬಾರಿಸ್ತೀನಿ."

ಹೇಳಿದ ಮೇಲೆ ಅವನು ಯೋಚನೆಗೆ ಬಿದ್ದ. ಕೂಗು ಮತ್ತೆ ಕೇಳಿಸದಿದ್ದರೆ? ಮೊದಲಿಂದ ಕೊನೆಯವರೆಗೂ ಜೋರಾಗಿಯೇ ಬಾರಿಸಿದರೆ ಗಳಿಗೆ ತಪ್ಪುವ ಮಾತೇ ಇಲ್ಲ ಎಂದುಕೊಂಡ.

ಗಂಡು ಹಸೆಗೆ ಬರುವ ಮೊದಲೇ ಡೋಲು ಗುಡುಗಿತು.

ಪಾಪಣ್ಣ ನಾದಸ್ವರವನ್ನು ಬಾಯಿಂದ ತೆಗೆದು, "ಅಣ್ಣೋ, ಮದುವೆ ಇದು! ದಂಡೆತ್ತಿ ಹೋಗ್ತಿದೀವಾ? ಹೆಣ್ಣು ಇನ್ನೂ ಸೀರೇನೇ ಉಟ್ಟಿಲ್ಲ" ಎಂದ. ತಿರುಮಲಯ್ಯನಿಗೆ ತುಟಿ ಆಡಿದ್ದಷ್ಟೇ ಕಂಡಿತು. ತಲೆಯಾಡಿಸಿ ಇನ್ನೂ ಜೋರು ಮಾಡಿದ.

ಜನ ಒಂದೆರಡು ಸಲ ಅಕ್ಷತೆ ಹಿಡಿದು ಎದ್ದು, ಪೆಚ್ಚಾಗಿ ಕೂತರು. ಆಮೇಲೆ ಅಭ್ಯಾಸವಾಯಿತು. ಡೋಲನ್ನೂ ಮೀರಿಸಿ ಹರಟತೊಡಗಿದರು. ಪುರೋಹಿತರ ಕೂಗು ಹಸೆಯ ಪಕ್ಕದವರಿಗಷ್ಟೇ ಕೇಳಿಸಿತು.

ಗಂಡನಿಲ್ಲದವಳೆಂದು ಅಜ್ಜಿ ದೂರದ ಕಂಬದ ಬುಡದಲ್ಲಿ ಕೂತಿದ್ದಳು. "ಇನ್ನೂ ತಾಳಿ ಕಟ್ಟಲಿಲ್ವೇನೇ?" ಎಂದು ಪಕ್ಕದವಳನ್ನು ಕೇಳಿದಳು.

"ಅಯ್ಯೋ, ಆಗಲೇ ಆಯ್ತಂತಲ್ಲಜ್ಜಿ! ಎಲೆ ಹಾಕ್ತಾ ಇದಾರೆ, ಏಳಿ."

ತಿರುಮಲಯ್ಯ ಬೆವರೊರೆಸಿಕೊಳ್ಳುತ್ತ ಖುಷಿಯಿಂದ ಬಂದ. "ಕೇಳಿಸ್ತಾ ತಾಯಿ?"

ಅಜ್ಜಿ ಮುಷ್ಟಿ ಬಿಚ್ಚಿದಳು. ಅಕ್ಷತೆ ಬೆವರಿಗೆ ಒದ್ದೆಯಾಗಿ ಅಂಗೈಗೆ ಅಂಟಿತ್ತು.

"ಕೇಳಿಸ್ತಪ್ಪ. ಎಲ್ಲಾ ಹೊತ್ತೂ ಕೇಳಿಸ್ತು. ಯಾವಾಗ ಹಾಕಬೇಕು ಅನ್ನೋದೇ ಗೊತ್ತಾಗಲಿಲ್ಲ."

ಅವನಿಗೆ ಅವಳ ಮಾತು ಪೂರ್ತಿ ಕೇಳಿಸಲಿಲ್ಲ. ಅಂಗೈ ಕಂಡಿತು, ಅಷ್ಟೇ ಸಾಕಾಯಿತು. ತಮ್ಮನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದ.

ಪಾಪಣ್ಣ ಅವನ ಕಿವಿಗೆ ಬಾಯಿಟ್ಟು ಹೇಳಿದ: "ಮೊದಲೇ ಒಂದು ಮಾತು ಹೇಳಬಾರದಿತ್ತಾ ಅಣ್ಣ? ಪುರೋಹಿತರು ಕೂಗಿದ ಕೂಡಲೇ ಮೊಣಕೈಲಿ ತಿವೀತಿದ್ದೆ."

ಈಗ ಪಾಪಣ್ಣ ತಿವಿಯುತ್ತಾನೆ. ಡೋಲು ಸರಿಯಾದ ಗಳಿಗೆಗೆ ಮೊಳಗುತ್ತದೆ, ಅಕ್ಷತೆ ಮಳೆಯಂತೆ ಬೀಳುತ್ತದೆ. ಆದರೆ ಪ್ರತಿ ಸಲವೂ ತಿರುಮಲಯ್ಯನ ಕಣ್ಣು ಯಾವುದೋ ಕಂಬದ ಬುಡಕ್ಕೆ ಹೋಗುತ್ತದೆ. ಡೋಲನ್ನು ಎಷ್ಟು ಸಲ ಬೇಕಾದರೂ ಬಾರಿಸಬಹುದು. ಆ ಹುಡುಗಿಗೆ ತಾಳಿ ಕಟ್ಟಿದ್ದು ಒಂದೇ ಸಲ.

ನೀತಿ: ಕೊರತೆ ಇರುವುದು ತಪ್ಪಲ್ಲ. ಅದನ್ನು ಮುಚ್ಚಲು ಅತಿ ಮಾಡಿದರೆ, ಯಾವುದನ್ನು ಉಳಿಸಿಕೊಳ್ಳಲು ಹೊರಟೆವೋ ಅದೇ ಕೈತಪ್ಪುತ್ತದೆ. ಕೊರತೆಯನ್ನು ನಮ್ಮವರಿಗೆ ಹೇಳಿಕೊಂಡರೆ, ಅದಕ್ಕೆ ಬೇಕಾದದ್ದು ಒಂದು ಮೊಣಕೈಯ ಆಸರೆಯಷ್ಟೇ.