ಸಿನಿಮಾ ನೋಡಿಯೂ ಕೆಡದವನು

ನಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕದ ಜೊತೆ ಸಿನಿಮಾ ಡಿವಿಡಿಗಳನ್ನೂ ಎರವಲು ಕೊಡುತ್ತಿದ್ದರು. ಅವುಗಳ ಉಸ್ತುವಾರಿ ಗುಮಾಸ್ತ ಕೊಟ್ರಬಸಪ್ಪನದು. ಒಂದು ದಿನ ತಪಾಸಣೆಗೆ ಬಂದ ಹೊಸ ಸಾಹೇಬರು ಆ ಡಿವಿಡಿಗಳ ಬೀರು ನೋಡಿ ಹುಬ್ಬು ಗಂಟಿಕ್ಕಿದರು.

"ಸಿನಿಮಾದಿಂದ ಜನ ಕೆಡ್ತಾರೆ. ಇವತ್ತೇ ಎಲ್ಲಾ ಗುಜರಿಗೆ ಹಾಕಿ."

ಕೊಟ್ರಬಸಪ್ಪ ಬೀರುವಿನ ಬಾಗಿಲು ಮುಚ್ಚಿದ. ವಾರವಾರ ಬರುವ ಅಜ್ಜಿಯರಿಗೆ ಏನು ಹೇಳುವುದು? ಕೈಕಟ್ಟಿ ನಿಂತು ಹೇಳಿದ:

"ಸರ್, ಹನ್ನೊಂದು ವರ್ಷದಿಂದ ಇಷ್ಟನ್ನೂ ನಾನು ನೋಡಿದ್ದೀನಿ. ಕಳ್ಳರದ್ದು ಅಷ್ಟು ನೋಡಿದರೂ, ಬೀಗದಕೈ ಕಳೆದ ದಿನ ನಮ್ಮನೆ ಬೀಗವೇ ತೆಗೆಯೋಕಾಗಲಿಲ್ಲ. ಹೊಡೆದಾಟದ್ದು ನೋಡಿದೆ. ಈಗಲೂ ಜಿರಳೆ ಕಂಡರೆ ಮಂಚ ಹತ್ತುತ್ತೀನಿ. ಪ್ರೇಮದ್ದು ನೋಡಿ ಹೆಂಡತಿಗೆ ಹೂ ತಂದೆ. 'ಯಾರು ತೀರಿಕೊಂಡರು?' ಅಂದಳು."

ಸಾಹೇಬರ ಮೀಸೆ ಅಲುಗಿತು. "ಭಕ್ತಿಯದ್ದು?"

"ಅದನ್ನೇ ಹೆಚ್ಚು ನೋಡಿದ್ದು ಸರ್. ಕೆಟ್ಟದ್ದೇ ಹತ್ತದವನಿಗೆ ಒಳ್ಳೆಯದು ಹತ್ತುತ್ತಾ?"

ಸಾಹೇಬರು ನಗು ತಡೆಯಲಾರದೆ ಕುರ್ಚಿಯಲ್ಲಿ ಕೂತುಬಿಟ್ಟರು. ಗುಜರಿಯ ಮಾತು ಮತ್ತೆ ಬರಲಿಲ್ಲ. ಹೊರಡುವಾಗ ಮೆಲ್ಲಗೆ ಕೇಳಿದರು:

"ಪ್ರೇಮದ್ದು ಒಂದು ಕೊಡಿ. ಮನೆಯಲ್ಲಿ ಎರಡು ವಾರದಿಂದ ಮಾತಿಲ್ಲ."

ಕೊಟ್ರಬಸಪ್ಪ ಡಿವಿಡಿಗಿಂತ ಮೊದಲು ಸದಸ್ಯತ್ವದ ಅರ್ಜಿಯನ್ನು ಮುಂದಿಟ್ಟ. ಸಾಹೇಬರು ತೆಪ್ಪಗೆ ಪೆನ್ನು ತೆಗೆದರು.